ಮೂಲೆಯ ಗೂಡಿನ ಮೊಟ್ಟೆ

"ಎಲ್ಲ ಮೊಟ್ಟೆ ತೆಗಿ ಮಾರಾಯ, ಆ ಮೂಲೆ ಗೂಡಿಂದು ಮಾತ್ರ ಮುಟ್ಟಬೇಡ," ಎಂದಿದ್ದರು ತೋಟದ ಯಜಮಾನ ಸುಬ್ರಾಯರು, ಕೋಳಿಮನೆಯ ಬೀಗದಕೈ ಕೊಡುವಾಗ. "ಯಾರೋ ಮಾಟ ಮಾಡಿ ಇಟ್ಟದ್ದು. ಅಲ್ಲಿದ್ದರೆ ಸುಮ್ಮನಿರ್ತದೆ. ತೆಗೆದರೆ ಇನ್ನೊಂದು ಹೊಟ್ಟೆ ಹುಡುಕ್ತದೆ."

ನರಹರಿ ಮಲೇಷ್ಯಾದವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ ನಕ್ಕಿದ್ದ. "ಬಿಡಿ ಲಾ ಅಂಕಲ್, ಮೊಟ್ಟೆಗೂ ಹೊಟ್ಟೆ ಬೇಕಾ?"

ಕೊರೊನಾ ಕಾಲದಲ್ಲಿ ಸೈಬರ್‌ಜಯಾದ ಕಚೇರಿ ಕೆಲಸ ಹೋದಮೇಲೆ ಹಳ್ಳಿಗಾಡಿನ ಹುಲು ಲಂಗಾಟ್‌ನ ಈ ತೋಟವನ್ನು ಗೇಣಿಗೆ ಹಿಡಿದಿದ್ದ ಅವನು. ಅರವತ್ತು ಕೋಳಿ, ಒಂದಿಷ್ಟು ಬೆಂಡೆ, ಬಸಳೆ. ನಗರದ ಶ್ರೀಮಂತ ಬಡಾವಣೆ ಬಾಂಗ್ಸಾರ್‌ನ ಮನೆಗಳಿಗೆ ಸರಬರಾಜು. ವ್ಯಾಪಾರ ಹೇಗೋ ಕುದುರಿತ್ತು. ಕುದುರದಿದ್ದುದು ಹೆಂಡತಿ ವಿನೋದಾಳ ಮೈ. ಮೂರು ತಿಂಗಳ ಹಿಂದಿನ ಜ್ವರ ಅವಳ ಮೂಗು, ನಾಲಿಗೆ ಎರಡನ್ನೂ ಕೊಂದಿತ್ತು. ಎಲ್ಲವೂ ಮಣ್ಣು ತಿಂದ ಹಾಗಿದೆ ಎಂದು ಎರಡೇ ತುತ್ತಿಗೆ ಏಳುತ್ತಿದ್ದಳು. ಅವಳು ಒಂದು ಹೊತ್ತು ಹೊಟ್ಟೆ ತುಂಬ ಉಂಡರೆ ಸಾಕೆಂದು ಅವನು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ. ಮಾಟ ಸುಳ್ಳಂತೆ, ಹರಕೆ ನಿಜವಂತೆ. ಎಂಥ ಬುದ್ಧಿವಂತ ನೋಡಿ.

ಆ ಗುರುವಾರ ಬೆಳಿಗ್ಗೆ ಟ್ರೇಗೆ ಒಂದು ಮೊಟ್ಟೆ ಕಡಿಮೆ ಬಿತ್ತು. ಮೂಲೆಯ ಗೂಡಿಗೆ ಕೈಹಾಕಿದ. ಯಾವ ಕೋಳಿಯೂ ಹತ್ತದ ಗೂಡು. ಹಿಕ್ಕೆಯ ಘಾಟು, ಕೊಳೆತ ಹುಲ್ಲು; ಅದರಡಿ ಜ್ವರದ ಹಣೆಯಷ್ಟು ಬಿಸಿಯಾದ ಮೊಟ್ಟೆ, ಮೇಲೊಂದು ಕಾಡಿಗೆಯ ಗೀಟು. ಹೆಬ್ಬೆರಳಿನಿಂದ ಉಜ್ಜಿದ. ಅಂಟಂಟು, ಸತ್ತ ಇಲಿಯ ನಾತ. ಥೂ! ಆದರೂ ಸೋಪು ಹಾಕಿ ತೊಳೆದು ಟ್ರೇಯಲ್ಲಿಟ್ಟ. ತಿನ್ನುವವರು ಬಾಂಗ್ಸಾರ್‌ನವರು, ತನಗೇನು ಅಂದುಕೊಂಡ. ಟ್ರೇಗಳನ್ನು ದಾರ ಸುತ್ತಿ ಕಟ್ಟುವುದು ವಿನೋದಾಳ ಕೆಲಸ. ಅವಳು ಕಟ್ಟಿಕೊಟ್ಟದ್ದನ್ನು ಕಾರಿಗೇರಿಸಿ ಹೊರಟ.

ಮಧ್ಯಾಹ್ನ ಹಿಂದಿರುಗಿದಾಗಲೂ ಹೆಬ್ಬೆರಳಿನ ನಾತ ಹೋಗಿರಲಿಲ್ಲ. ಗೇಟು ತೆರೆದ. ಕೋಳಿಗಳ ಸದ್ದಿಲ್ಲ. ಅರವತ್ತೂ ಬಲೆಗೆ ಒತ್ತಿಕೊಂಡು ನಿಂತಿದ್ದವು. ಎಲ್ಲವೂ ಮನೆಯ ಕಡೆಗೇ ನೋಡುತ್ತಿದ್ದವು.

ಬಾಗಿಲಲ್ಲೇ ಅದೇ ನಾತ. ಸತ್ತ ಇಲಿ. ನೂರು ಇಲಿ. ಮೂಗು ಮುಚ್ಚಿಕೊಂಡು ಒಳಗೆ ಓಡಿದ. ಅಡುಗೆಮನೆಯಲ್ಲಿ ಹಗಲಲ್ಲೂ ಕತ್ತಲು.

ವಿನೋದಾ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು.

"ಏನೇ ಅದು?"

"ಆಮ್ಲೆಟ್ ರೀ. ಟ್ರೇ ಕಟ್ಟುವಾಗ ಒಂದು ಬಿರುಕು ಬಿಟ್ಟಿತ್ತು. ಅದನ್ನ ತೆಗೆದು ಅದರ ಜಾಗಕ್ಕೆ ಆಗಷ್ಟೇ ಕೋಳಿ ಇಟ್ಟಿದ್ದು ಸೇರಿಸ್ದೆ. ಒಡೆದದ್ದು ಯಾವಾಗ್ಲೂ ನಮಗೇ ತಾನೆ."

ಬಾಣಲೆಯಲ್ಲಿ ಕಪ್ಪು ಲೋಳೆ. ಅದರಲ್ಲಿ ಕೂದಲು. ಉಗುರು. ಅವಳು ಹಲ್ಲಿನ ಸಂದಿಯಿಂದ ಒಂದು ಎಳೆ ಹಿಡಿದೆಳೆದಳು. ಎಳೆದಳು. ಎಳೆಯುತ್ತಲೇ ಇದ್ದಳು. ಅದು ಮುಗಿಯಲಿಲ್ಲ. ಅವಳ ಸೊರಗಿದ ಕೊರಳಿನ ಮೇಲೆ ಅದೇ ಕಾಡಿಗೆಯ ಗೀಟು ಮೂಡಿತ್ತು.

"ಉಗಿ ವಿನೂ, ಉಗಿದುಬಿಡು." ಬಾಣಲೆಗೆ ಕೈಹಾಕಿದ. ಅವಳು ಬಿಡಲಿಲ್ಲ. ಬೆರಳಿನಿಂದ ತಳ ಬಳಿದು ನೆಕ್ಕಿದಳು.

ಆಮೇಲೆ ತಲೆಯೆತ್ತಿ ನಕ್ಕಳು. ಕಣ್ಣಲ್ಲಿ ನೀರಿತ್ತು, ಸಂತೋಷದ್ದು.

"ರುಚಿ ಗೊತ್ತಾಗ್ತಿದೆ ರೀ," ಅಂದಳು. "ಇಂಥದ್ದು ಇನ್ನೊಂದಿದ್ರೆ ತನ್ನಿ."