ಸಗಣಿ ನೀರಿನ ಸಾಕ್ಷಿ

"ಆ ಮನಷ್ಯಾನ ವಕಾಲತ್ತು ಹಿಡದ್ರ ನಿನಗೂ ನನಗೂ ಮಾತಿಲ್ಲ ನೋಡು," ಎಂದು ಇಂದ್ರವ್ವ ಹೇಳಿದಾಗ ವಕೀಲೆ ಸೊಸೆ ಪದ್ಮಶ್ರೀ ಕೈಯಲ್ಲಿದ್ದ ಕೇಸಿನ ಕಾಗದಗಳನ್ನು ಕೆಳಗಿಟ್ಟಳು.

ಅತ್ತೆಯದಾದರೂ ತಪ್ಪೇನು? ಗುರುಪಾದಯ್ಯನೆಂದರೆ, ಬೇರೆ ಜಾತಿಯ ಮದುವೆಗಳಿಂದ ಊರು ಹಾಳಾಯಿತೆಂದು ಮೈಕು ಹಿಡಿದು ಒದರುವ ಸಂಘದ ಮುಖಂಡ. ಪದ್ಮಶ್ರೀ ಅವನ ಜಾತಿಯಲ್ಲೇ ಹುಟ್ಟಿ, ಹಾಲುಮತದ ಬೀರಲಿಂಗನ ಕೈಹಿಡಿದು ನವನಗರದ ಈ ಮನೆಗೆ ಬಂದವಳು. ತವರಿನವರು ಬಾಗಿಲು ಮುಚ್ಚಿದ ದಿನ ಅವಳನ್ನು ಎದೆಗವಚಿಕೊಂಡು ಅತ್ತವಳು ಇದೇ ಇಂದ್ರವ್ವ... ಅಂಥ ಅತ್ತೆ ಮಾತು ಬಿಟ್ಟರೆ ಬದುಕುವುದು ಹೇಗೆ? ಆದರೆ ಹತ್ತಾರು ಮೈಲಿ ದೂರದ ಕೆರೂರಿನಲ್ಲಿ ಬಸ್ಸಿಗೆ ಕಲ್ಲು ಹೊಡೆದನೆಂಬ ಕೇಸಿನಲ್ಲಿ ಅವನ ಪರ ನಿಲ್ಲಲು ಬೇರೆ ಯಾವ ವಕೀಲರೂ ಒಪ್ಪಿರಲಿಲ್ಲ.

"ಅವನ ಮಾತು ಕೇಳಿದ್ರ ನನಗೂ ಮೈ ಉರೀತದರಿ ಅತ್ತಿ. ಆದ್ರ ಕಲ್ಲು ಅವ ಹೊಡದಿಲ್ಲ ಅನಸ್ತದ. ಎಲ್ಲಿದ್ದೆ ಅಂದ್ರ ಬಾಯಿ ಬಿಡವಲ್ಲ."

"ಎಲ್ಲಿರ್ತಾನ? ಮಣ್ಣೆತ್ತಿನ ಅಮಾಸಿ ಮುಂಜಾನೆ ನೀ ಮನ್ಯಾಗ ಇಲ್ಲದಾಗ ನಮ್ಮ ಬಾಗಲಕ್ಕ ಬಂದು ನಿನಗ ಬೈಯಾಕತ್ತಿದ್ದ. ಪೂಜಾಕ್ಕ ಮಣ್ಣಿನ ಎತ್ತು ಕೂಡಸಾಕ ಅಂಗಳ ಸಾರಸ್ತಿದ್ದೆ. ಬಕೀಟು ಸಗಣಿ ನೀರು ತಲಿ ಮ್ಯಾಲೆ ಸುರುವಿ ಕಳಿಸೇನಿ. ನಿನಗ ಸಂಕಟ ಆಗ್ತದಂತ ಹೇಳಿದ್ದಿಲ್ಲ."

ಬಸ್ಸಿನ ಗಾಜು ಒಡೆದದ್ದೂ ಅದೇ ಅಮಾವಾಸ್ಯೆಯ ಮುಂಜಾನೆ! ಹೆಣ್ಣುಮಗಳ ಕೈಯಿಂದ ಸಗಣಿ ನೀರು ಹೊಯ್ಯಿಸಿಕೊಂಡೆನೆಂದು ಹೇಳುವುದಕ್ಕಿಂತ ಜೈಲೇ ವಾಸಿ ಎಂದುಕೊಂಡಿದ್ದ ಪುಣ್ಯಾತ್ಮ. ಇನ್ನು ಅವನನ್ನು ಉಳಿಸಬಲ್ಲವಳು ಅತ್ತೆ ಒಬ್ಬಳೇ. ಸಾಕ್ಷಿ ಹೇಳಿರೆಂದು ಪದ್ಮಶ್ರೀ ಕಾಲು ಹಿಡಿದಳು. ಇಂದ್ರವ್ವ ಕಾಲು ಕೊಸರಿಕೊಂಡು ಒಳಗೆ ಹೋದಳು. ಮಾತೂ ನಿಂತಿತು.

ವಿಚಾರಣೆಯ ದಿನ ಪದ್ಮಶ್ರೀ ಕಣ್ಣೊರೆಸಿಕೊಳ್ಳುತ್ತ ಬಾದಾಮಿಯ ಕೋರ್ಟಿಗೆ ಹೋಗಲು ಬಸ್ಸು ಹತ್ತಿದರೆ, ಇಳಕಲ್ ಸೀರೆಯುಟ್ಟ ಅತ್ತೆ ಮುಂದಿನ ಸೀಟಿನಲ್ಲಿ ಬಿಗಿದುಕೊಂಡು ಕುಳಿತಿದ್ದಳು!

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳಿದರು: "ನಿಮ್ಮ ಸೊಸಿ ಹೇಳಿಕೊಟ್ಟಾಳೇನಮ್ಮ?"

"ಆಕಿ ಕೂಡ ನಾ ಮಾತ ಬಿಟ್ಟೇನ್ರಿ ಸಾಹೇಬ್ರ. ಹೆಂಗ ಹೇಳಿಕೊಡ್ತಾಳ? ನೀರು ಹಾಕಿದ್ದು ಖರೆ. ಓಣಿ ಮಂದಿ ನೋಡ್ಯಾರ, ಕೇಳ್ರಿ."

ನ್ಯಾಯಾಧೀಶರೇ ನಕ್ಕುಬಿಟ್ಟರು. ಗುರುಪಾದಯ್ಯ ತಲೆ ತಗ್ಗಿಸಿದ. ಓಣಿಯವರೂ ಬಂದು ಅದನ್ನೇ ಹೇಳಿದ ಮೇಲೆ ಕೇಸು ಬಿದ್ದುಹೋಯಿತು.

ತೀರ್ಪಿನ ದಿನ ವರಾಂಡದಲ್ಲಿ ಅವನು ಗೊಣಗಿದ: "ವಕೀಲರ, ನನ್ನ ವಿಚಾರ ಏನೂ ಬದಲಾಗಿಲ್ಲ."

"ನಂದೂ ಬದಲಾಗಿಲ್ಲ. ಹೋಗಿ ಬರ್ರಿ," ಎಂದಳು ಪದ್ಮಶ್ರೀ.

ಅವನು ಅತ್ತ ಹೋದ ಮೇಲೆ, ತೀರ್ಪು ಕೇಳಲು ತಾನೂ ಬಂದಿದ್ದ ಅತ್ತೆಯ ಕಡೆ ತಿರುಗಿದಳು.

ಇಂದ್ರವ್ವನೇ ಬಾಯಿ ಬಿಟ್ಟಳು. "ಸುಮ್ನ ಮನ್ಯಾಗ ಕುಂತಿದ್ರ ಅವ ಒಳಗ ಹೋಗ್ತಿದ್ದ. ಹೋಗ್ಲಿ ಅಂತನೂ ಇತ್ತು ನನಗ. ಆದ್ರ ನೀ ಸೋಲ್ತಿದ್ದಿ... ಅದನ್ನ ನೋಡಾಕ ನನ್ನ ಕೈಲೆ ಆಗಲಿಲ್ಲವ್ವಾ ತಂಗಿ."

ಕರಿಕೋಟು ತೊಟ್ಟ ವಕೀಲೆ ಅಷ್ಟು ಮಂದಿಯ ನಡುವೆ ಅತ್ತೆಯ ಕೊರಳಿಗೆ ಬಿದ್ದು ನಗುತ್ತ ಅತ್ತಳು.