ಹೊರಗಿನ ಚಿಲಕ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಹೆಂಗಸು ಗಾರ್ಮೆಂಟ್ಸ್‌ನ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ಹಿಂದಿನ ಸಂಜೆ ಹೊಲಿಗೆ ಯಂತ್ರ ಬಿಟ್ಟು ಮನೆಗೆ ಓಡಿದಾಗಿನಿಂದ ಅದು ಮೈಮೇಲೇ ಇತ್ತು.

“ಬರ್ಕೊಳ್ಳಿ ಸಾರ್. ನನ್ನ ಗಂಡ ಹಾರ್ಟ್ ನಿಂತು ಸತ್ತಿಲ್ಲ.”

“ಹಾರ್ಟ್ ಅಂದೋರು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ನಮ್ಮ ಭಾವ. ಹನ್ನೊಂದಕ್ಕೆ ಹೆಣ ಎತ್ತಬೇಕು ಅಂತ ಆಗ್ಲೇ ಗಾಡಿ ಕರೆಸಿದ್ದಾರೆ. ಅಷ್ಟು ಅವಸರ ಯಾಕೆ ಅಂತ ಅವರನ್ನೇ ಕೇಳಿ.”

ಗಂಡ ಲಿಫ್ಟ್ ಮೆಕ್ಯಾನಿಕ್. ಕೆಲಸದಲ್ಲಿ ಬಿದ್ದು ಬೆನ್ನು ಮುರಿದುಕೊಂಡವನಿಗೆ ನೋವಿನ ಮಾತ್ರೆ ಅಂಟಿಕೊಂಡಿತು, ಮಾತ್ರೆ ಸಾಲದೆ ಸೂಜಿ ಅಂಟಿಕೊಂಡಿತು. ಇಷ್ಟನ್ನೂ ಅವಳು ತಲೆ ತಗ್ಗಿಸದೆ ಹೇಳಿದಳು.

“ನಿನ್ನೆ ಮಧ್ಯಾಹ್ನ ನಮ್ಮ ಗೇಟಿಗೆ ಆಂಬುಲೆನ್ಸ್ ಬಂದು ವಾಪಸ್ ಹೋಯ್ತಂತೆ. ಒಳಗೆ ಜೀವ ಇಟ್ಕೊಂಡು ಆಂಬುಲೆನ್ಸ್ ಯಾರಾದ್ರೂ ವಾಪಸ್ ಕಳಿಸ್ತಾರಾ?”

9:40ಕ್ಕೆ ಎಫ್‌ಐಆರ್ ದಾಖಲಾಯಿತು.

ಎಂಟು ಮಹಡಿಯ ಕಟ್ಟಡ. ಲಿಫ್ಟಿನ ಪಕ್ಕ ನಿವಾಸಿಗಳ ಸಂಘದ ಸೂಚನೆ: ಮಾದಕ ವ್ಯಸನಿಗಳಿರುವ ಮನೆಯನ್ನು ಕೂಡಲೇ ಖಾಲಿ ಮಾಡತಕ್ಕದ್ದು. ಕೆಳಗೆ ಕಾರ್ಯದರ್ಶಿಯ ರುಜು. ಕಾರ್ಯದರ್ಶಿ ಬೇರಾರೂ ಅಲ್ಲ, ಸತ್ತವನ ಸ್ವಂತ ಅಣ್ಣ, ಕನ್ನಡಕದ ಅಂಗಡಿಯವನು. ಊರಿಗೆಲ್ಲ ಕಣ್ಣು ಕೊಡುವವನು. ತಮ್ಮನ ಸಂಸಾರದ ಜೊತೆ ತಾನೂ ಇದ್ದ ಐದನೇ ಮಹಡಿಯ ಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ; ಸಾವಿನ ಮನೆಯಲ್ಲೂ ಶರ್ಟಿನ ಇಸ್ತ್ರಿ ಮುರಿದಿರಲಿಲ್ಲ.

“ಮನೆ ವಿಷಯ ಸಾರ್. ಬೀದಿಗೆ ತರಬೇಡಿ.”

ಪಂಚನಾಮೆ ನಡೆಯಿತು. ತುಟಿ, ಉಗುರು ನೀಲಿ. ಕೋಣೆಗೆ ಒಂದೇ ಕಿಟಕಿ. ತೆರೆದರೆ ಕೈಗೆ ಎಟಕುವಷ್ಟು ದೂರದಲ್ಲಿ ಇನ್ನೊಂದು ಗೋಡೆ. ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ.

“ಇದ್ಯಾವಾಗ ಹಾಕಿಸಿದ್ದು?” ಹೆಡ್ ಕಾನ್‌ಸ್ಟೇಬಲ್ ಕೇಳಿದ.

“ಹಳೇದು.”

“ಹಳೇ ಮದುಮಗನಿಗೆ ಹೊಸಾ ಸೂಟು. ಸ್ಕ್ರೂ ಫಳಫಳ ಅಂತಿದೆ ಸ್ವಾಮಿ.”

ಹೆಣ ಮರಣೋತ್ತರ ಪರೀಕ್ಷೆಗೆ ಹೋಯಿತು. ಕರೆಸಿದ್ದ ಗಾಡಿ ಖಾಲಿ ವಾಪಸ್ಸಾಯಿತು.

ಆಂಬುಲೆನ್ಸಿನ ನರ್ಸ್‌ಗೆ ಎಲ್ಲ ನೆನಪಿತ್ತು. “ಗೇಟಲ್ಲೇ ಒಬ್ರು ತಡೆದ್ರು. ಇಸ್ತ್ರಿ ಶರ್ಟು. ಮಕ್ಕಳು ಫೋನಲ್ಲಿ ಆಟ ಆಡಿದ್ದು, ತಪ್ಪಾಯ್ತು ಅಂದ್ರು.” ಬ್ಯಾಗಿನಿಂದ ಹೆಬ್ಬೆರಳುದ್ದದ ಸ್ಪ್ರೇ ತೆಗೆದು ಮೇಜಿನ ಮೇಲಿಟ್ಟಳು. “ಇದನ್ನ ಮೂಗಿಗೆ ಹೊಡೆದಿದ್ರೆ ಅಮಲು ಇಳಿದು, ಎದ್ದು ಕೂತು ನನಗೇ ಬೈತಿದ್ದ. ಬದುಕಿದೋರೆಲ್ಲ ಮೊದಲು ಬೈಯೋದೇ. ಬೈಸ್ಕೊಂಡಷ್ಟೂ ಖುಷಿ ನನಗೆ.”

ಆಂಬುಲೆನ್ಸಿಗೆ ಕರೆ ಹೋಗಿದ್ದು ‘ಸ್ಪ್ಯಾನರ್’ ಎಂಬವನ ಫೋನಿನಿಂದ. ಸತ್ತವನ ಜೊತೆ ಕೆಲಸ ಮಾಡುತ್ತಿದ್ದವನು. ಬೇರೊಂದು ಕಟ್ಟಡದ ತಾರಸಿಯ ಲಿಫ್ಟ್ ಯಂತ್ರದ ಕೋಣೆಯಲ್ಲಿ ಕಾಲು ಮಡಚಿಕೊಂಡು ಕೂತಿದ್ದ.

“ಇವನನ್ನೇ ಎರಡನೇ ಆರೋಪಿ ಮಾಡೋಣ ಸಾರ್,” ಹೆಡ್ ಕಾನ್‌ಸ್ಟೇಬಲ್ ಪಿಸುಗುಟ್ಟಿದ. “ಜೊತೆಗೇ ಚುಚ್ಕೊಂಡಿರ್ತಾನೆ.”

“ಯಾಕೆ ಓಡಿದೆ?” ಇನ್‌ಸ್ಪೆಕ್ಟರ್ ಕೇಳಿದರು.

“ಹೋದ ವರ್ಷ ಓಡ್ಲಿಲ್ಲ ಸಾರ್. ಇನ್ನೊಬ್ಬ ಗೆಳೆಯ ಹಿಂಗೇ ಬಿದ್ದಿದ್ದ. ಫೋನ್ ಮಾಡಿ ಪಕ್ಕದಲ್ಲೇ ಕೂತಿದ್ದೆ. ನೀವೇ ಬಂದು ಬೇಡಿ ಹಾಕಿದ್ರಿ. ಅವನು ಬದುಕಿದ, ನಾನು ಜೈಲಿಗೆ ಹೋದೆ. ಆಮೇಲೆ ನಮ್ಮೋರು ಯಾರೂ ಫೋನ್ ಮಾಡಲ್ಲ. ಬಿಟ್ಟು ಓಡ್ತಾರೆ. ನಾನು ನಿನ್ನೆ ಮಾಡಿದ್ದೂ ತಪ್ಪಾ ಹೇಳಿ.”

ಆ ಬಂಧನಕ್ಕೆ ಮೇಲಧಿಕಾರಿ ಬೆನ್ನು ತಟ್ಟಿದ್ದು ಇನ್‌ಸ್ಪೆಕ್ಟರಿಗೆ ನೆನಪಾಯಿತು. ಇವನು ಬಾಯಿ ಬಿಡದಿದ್ದರೆ ಕೇಸು ಬಿದ್ದುಹೋಗುತ್ತದೆ. ಬಾಯಿ ಬಿಟ್ಟರೆ ಇವನೇ ಮತ್ತೆ ಬೋನಿಗೆ. ಬೋನು ಕಟ್ಟಿದ ಕೈ ಅವರದೇ.

“ನೀನು ಏನು ತಗೊಂಡೆ ಅಂತ ನಾನು ಕೇಳಲ್ಲ. ಅವರು ಏನು ಮಾಡಿದ್ರು, ಅಷ್ಟು ಹೇಳು.” ಹೆಡ್ ಕಾನ್‌ಸ್ಟೇಬಲ್‌ನ ಪೆನ್ನು ನಿಂತಿತು. “ಏನ್ರೀ ನೋಡ್ತೀರಿ? ಸಾಕ್ಷಿ ಅಂತ ಬರೀರಿ.”

ಸ್ಪ್ಯಾನರ್ ಕಾಲು ಬಿಡಿಸಿ ಕೂತ. “ಬಾಯಿಗೆ ಬಾಯಿಟ್ಟು ಗಾಳಿ ಊದ್ತಿದ್ದೆ ಸಾರ್. ಅವನ ಅಣ್ಣ ಬಂದ್ರು. ಕತ್ತಿನ ಪಟ್ಟಿ ಹಿಡಿದು ಮೆಟ್ಟಿಲಿಗೆ ದಬ್ಬಿದ್ರು. ಚಿಲಕ ಹಾಕಿದ್ರು. ಅಷ್ಟರಲ್ಲಿ ಸೈರನ್ ಕೇಳ್ತು. ಅವರು ಕೆಳಗಿಳಿದ್ರು, ನಾನು ಹೆದರಿ ಓಡಿದೆ.”

ಸಂಜೆ ನಾಲ್ಕಕ್ಕೆ ಮತ್ತೆ ಐದನೇ ಮಹಡಿ. ಅತಿಯಾದ ಮಾದಕದಿಂದ ಉಸಿರು ನಿಂತಿದೆ ಎಂದು ಡಾಕ್ಟರು ಫೋನಿನಲ್ಲಿ ತಿಳಿಸಿಯಾಗಿತ್ತು.

“ಆಂಬುಲೆನ್ಸ್ ಯಾಕೆ ವಾಪಸ್ ಕಳಿಸಿದ್ರಿ?”

“ಎಂಟೂ ಮಹಡಿ ಬಾಲ್ಕನಿಗೆ ಬಂದು ನಿಂತಿತ್ತು ಸಾರ್.”

“ಒಳಗೆ ತಮ್ಮ ಸಾಯ್ತಿದ್ದ.”

“ಇಲ್ಲ. ಗೊರಕೆ ಹೊಡೀತಿದ್ದ. ವಾಪಸ್ ಬಂದು ಬಾಗಿಲಿಗೆ ಕಿವಿ ಇಟ್ಟೆ. ಎಷ್ಟೋ ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ ಅವನಿಗೆ. ಮಲಗ್ಲಿ ಅಂತ ಟಿವಿ ಸಣ್ಣ ಮಾಡಿದೆ.”

ಅಂಥ ಹೊತ್ತಿನ ಗೊರಕೆ ನಿದ್ದೆಯದಲ್ಲ, ಮುಚ್ಚಿಕೊಳ್ಳುತ್ತಿರುವ ಗಂಟಲಿನದು ಎಂದು ನರ್ಸ್ ಹೇಳಿದ್ದಳು. ಇನ್‌ಸ್ಪೆಕ್ಟರ್ ಅದನ್ನೇ ಹೇಳಿದರು. ಅವನು ಗೋಡೆ ಹಿಡಿದು ಕುಸಿದ. ಆಗ ಶರ್ಟು ಮುದುಡಿತು.

ಕೊಲೆಯಲ್ಲದ ನರಹತ್ಯೆಯ ಆರೋಪದಲ್ಲಿ 4:50ಕ್ಕೆ ಬಂಧನ.

“ಸಾರ್, ಹಿಂದಿನ ಗೇಟಿಂದ ಕರ್ಕೊಂಡು ಹೋಗ್ತೀರಾ?” ಅವನು ಕೇಳಿದ.

“ಮುಂದಿನಿಂದಾನೇ ಇಳೀರಿ ಭಾವ,” ತಮ್ಮನ ಹೆಂಡತಿ ಅಂದಳು. “ನಿನ್ನೆ ಆಂಬುಲೆನ್ಸಿನೋರು ಹತ್ತಿ ಬರಬೇಕಿದ್ದ ದಾರಿ ಅದು.”

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ. “ಕಾರಣ ಏನು ಬರೀಲಿ ಸಾರ್? ದ್ವೇಷ ಅಂತಾನಾ?”

“ದ್ವೇಷ ಎಲ್ಲಿತ್ರೀ? ತಮ್ಮ ಬದುಕಲಿ ಅಂತಾನೇ ಇತ್ತು.” ಇನ್‌ಸ್ಪೆಕ್ಟರ್ ಹೊರಗೆ ನೋಡುತ್ತ ಅಂದರು. “ಯಾರಿಗೂ ಗೊತ್ತಾಗದ ಹಾಗೆ ಬದುಕಲಿ ಅಂತ.”