ಕಣ್ಣಳತೆಯ ಮಾಸ್ಕ್

ನನ್ನ ತರಗತಿಯ ಕಿಟಕಿಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆಂದು ತಿಳಿದು ನಾನು ಕಾರಿಡಾರಿನ ಆ ತುದಿಯಿಂದ ಸರಸರನೆ ಬಂದೆ.

ಮಕ್ಕಳಿಲ್ಲದ ಶಾಲೆಯಲ್ಲಿ ಸಣ್ಣ ಸದ್ದೂ ದೊಡ್ಡದು. ಸುತ್ತಿಗೆಯ ಒಂದೊಂದು ಏಟೂ ಖಾಲಿ ಬೆಂಚುಗಳಿಗೆ ಬಡಿದು, ಪುಟಿದು, ನನ್ನ ಎದೆಯವರೆಗೆ ಬರುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಹೊಸ ಕ್ರಾಫ್ಟ್ ಮೇಷ್ಟ್ರು. ಸ್ಟೂಲ್ ಹತ್ತಿ, ಕಿಟಕಿಯ ಸಂದಿಗೆ ಉಳಿಯಿಟ್ಟು, ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟುತ್ತಿದ್ದರು.

"ಕಿಟಕಿ ತೆಗೆಸಿ ಅಂತ ನಾವು ಬಾಯಿ ಬಡ್ಕೋತಿದ್ರೆ, ನೀವು ಬಂದು ಮೊಳೆ ಹೊಡೀತಿದ್ದೀರಲ್ಲ."

ಅವರು ತಿರುಗಿದರು. ಸೋಂಕು ಹರಡಿದ ಮೇಲೆ ಕೆಲಸಕ್ಕೆ ಸೇರಿದವರು ಅವರು. ನಾವ್ಯಾರೂ ಅವರ ಮುಖ ಕಂಡಿರಲಿಲ್ಲ. ನಮಗೆ ಅವರೆಂದರೆ ಒಂದು ಮಾಸ್ಕ್, ಅದರ ಮೇಲೆ ಎರಡು ಕಣ್ಣು. ಅಂದು ಆ ಕಣ್ಣುಗಳ ರೆಪ್ಪೆಯ ಮೇಲೆ ಹಸಿರು ಬಣ್ಣದ ಹುಡಿ ಕೂತಿತ್ತು.

"ಮೊಳೆ ಅಲ್ಲ ಮೇಡಂ, ಬಣ್ಣ ಬಿಡಿಸ್ತಿದ್ದೀನಿ. ವರ್ಷ ವರ್ಷ ಬಳಿದೂ ಬಳಿದೂ ಕಿಟಕಿ ಗೋಡೆಗೇ ಅಂಟಿಬಿಟ್ಟಿದೆ."

ಅಂಗೈಯಿಂದ ಒಮ್ಮೆ ಒತ್ತಿದರು. ಕಿಟಕಿ ನಿಟ್ಟುಸಿರಿಟ್ಟು ತೆರೆದುಕೊಂಡಿತು. ಹಸಿರು, ನೀಲಿ, ಕೆನೆಬಣ್ಣದ ಚಕ್ಕೆಗಳು ಎಸಳಿನಂತೆ ನೆಲಕ್ಕೆ ಉದುರಿದವು. ಎಷ್ಟೋ ಕಾಲದಿಂದ ಹೊರಗೇ ಕಾದಿದ್ದ ಗಾಳಿ ಒಳಗೆ ಬಂದು, ಎದುರು ಗೋಡೆಯಲ್ಲಿ ತೂಗುಹಾಕಿದ್ದ ಶ್ವಾಸಕೋಶದ ಚಾರ್ಟನ್ನು ಎತ್ತಿ ಇಳಿಸಿತು. ಕಾಗದದ ಮೇಲಿನ ಆ ಚಿತ್ರ ಒಂದು ಕ್ಷಣ ನಿಜವಾಗಿ ಉಸಿರಾಡಿದಂತೆ ಕಂಡಿತು.

ಯಾರು ಹೇಳಿದರು ನಿಮಗೆ, ಎಂದು ಕೇಳಿದೆ. ನನ್ನ ದನಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನೀವೇ. ಹೋದ ಮೀಟಿಂಗಲ್ಲಿ."

ಹೌದು, ಹೇಳಿದ್ದೆ. ಬರುವ ತಿಂಗಳು ಮಕ್ಕಳನ್ನು ಕರೆಸುತ್ತೇವೆ, ಎಲ್ಲ ವ್ಯವಸ್ಥೆಯಾಗಿದೆ ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ವ್ಯವಸ್ಥೆ ಎಂದರೆ ಗೇಟಿನಲ್ಲಿ ಒಂದು ಸ್ಯಾನಿಟೈಸರ್ ಬಾಟಲಿ, ಹಣೆಗೆ ಹಿಡಿಯುವ ಒಂದು ಥರ್ಮಾಮೀಟರ್. ಕೋಣೆಗಳಿಗೆ ಗಾಳಿಯಿಲ್ಲ, ಒಂದು ಬೆಂಚಿಗೆ ಮೂವರು ಮಕ್ಕಳು. ನಮ್ಮಲ್ಲಿ ಕೆಲವರ ಮನೆಯಲ್ಲಿ ವಯಸ್ಸಾದವರು, ಕೆಲವರ ಮನೆಯಲ್ಲಿ ಕೂಸುಗಳು. ಕಿಟಕಿ ತೆರೆಯಲಿ, ಮಕ್ಕಳನ್ನು ಅರ್ಧರ್ಧ ಕರೆಸಲಿ, ಮನೆಯಲ್ಲಿ ಕಾಯಿಲೆಯವರಿರುವ ಟೀಚರುಗಳು ಮನೆಯಿಂದಲೇ ಪಾಠ ಮಾಡಲಿ ಎಂದು ಕೇಳಿದ್ದೆವು. ಇಷ್ಟವಿಲ್ಲದವರು ಬಿಡಬಹುದು ಎಂದು ಉತ್ತರ ಬಂದಿತ್ತು. ಹಾಗಾದರೆ ಎಲ್ಲರೂ ಒಟ್ಟಿಗೆ ಬಿಡೋಣ ಎಂದು ನಾವು ಮಾತಾಡಿಕೊಂಡಿದ್ದೆವು. ಮುಂದಿನ ಮೀಟಿಂಗಿನಲ್ಲಿ ರಾಜೀನಾಮೆಗಳನ್ನು ಹೆಡ್‌ಮಿಸ್ ಕೈಗೆ ಕೊಡುವುದು.

ಯಾವ ಕಡೆಗೆಂದು ಹೇಳದವರು ಈ ಕ್ರಾಫ್ಟ್ ಮೇಷ್ಟ್ರೊಬ್ಬರೇ. ಮಂಡಳಿಯ ಕಡೆಯವನಿರಬೇಕು, ಹುಷಾರು ಎಂದು ಗಣಿತದ ಮೇಷ್ಟ್ರು ನನಗೆ ಪಿಸುಗುಟ್ಟಿದ್ದರು. ಅವರಿಗೆ ಕಿವಿ ಮಂದ. ಅವರ ಪಿಸುಮಾತು ಗೇಟಿನವರೆಗೂ ಕೇಳಿಸುತ್ತದೆ.

*

ಮನೆಗೆ ಬಂದರೆ ಹಿತ್ತಿಲ ಬಾಗಿಲಿನಿಂದಲೇ ಒಳಗೆ. ಸ್ನಾನ, ಬೇರೆ ಬಟ್ಟೆ. ಆಮೇಲೆ ಅಪ್ಪನ ಕೋಣೆಯ ಹೊಸ್ತಿಲಾಚೆ ಕೂತು ಮಾತು. ಅಪ್ಪ ದರ್ಜಿ. ಬೀದಿ ಕಡೆಯ ಕಿಟಕಿಯ ಪಕ್ಕ ಅವರ ಮಷೀನು. ಅವರ ಶ್ವಾಸಕೋಶ ಎಂದೋ ಸೋತಿದೆ. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಅವರ ಉಸಿರಿನ ಸದ್ದನ್ನು ನಾನು ನಿದ್ದೆಯಲ್ಲೂ ಲೆಕ್ಕ ಹಾಕುತ್ತಿರುತ್ತೇನೆ.

ನನ್ನ ಉಸಿರಿಗೆ ನಿನ್ನ ಕೆಲಸ ಗಂಟುಹಾಕಬೇಡ ಎಂದು ಅಪ್ಪ ದಿನಾ ಹೇಳುತ್ತಿದ್ದರು. ನಾನು ದಿನಾ ಕೇಳಿಸದವಳಂತೆ ಕೂತಿರುತ್ತಿದ್ದೆ. ಆ ಶಾಲೆ ನನಗೆ ಬರೀ ಕೆಲಸವಾಗಿರಲಿಲ್ಲ. ಹುರುಳಿಕಾಳು ಮೊಳಕೆಯೊಡೆದಾಗ ಮಕ್ಕಳ ಬಾಯಿಂದ ಬರುವ "ಓ" ಎಂಬ ಉದ್ಗಾರ ಕೇಳದೆ ನನ್ನ ವರ್ಷ ತುಂಬುತ್ತಿರಲಿಲ್ಲ. ಆದರೂ, ಮುಚ್ಚಿದ ಕೋಣೆಯಿಂದ ಏನನ್ನೋ ಹೊತ್ತು ತಂದು ಈ ಹೊಸ್ತಿಲು ದಾಟಿಸುವುದಕ್ಕಿಂತ ಬಿಡುವುದೇ ಸರಿ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಗಟ್ಟಿ ಮಾಡಿಕೊಂಡವಳು, ಕಿಟಕಿ ತೆರೆಯುವ ಕೆಲಸಕ್ಕೆ ಯಾಕೆ ಜೊತೆಯಾದೆನೋ.

ಕ್ರಾಫ್ಟ್ ಮೇಷ್ಟ್ರು ಒಂದು ಕಿಟಕಿ ಬಿಡಿಸಿ ದೂರ ಸರಿಯುತ್ತಿದ್ದರು. ನಾನು ಹೋಗಿ ಅದರ ಚೌಕಟ್ಟಿಗೆ ತೆಳುಗಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದೆ. ಪಟ್ಟಿ ಅಲುಗಿದರೆ ಗಾಳಿ ಆಡುತ್ತಿದೆ ಎಂದರ್ಥ. ಇಬ್ಬರೂ ಕೋಣೆಯ ಎರಡು ಮೂಲೆಗಳಲ್ಲಿ ನಿಂತು ಆ ಪಟ್ಟಿಯನ್ನೇ ನೋಡುತ್ತಿದ್ದೆವು. ಅದು ಮೊದಲು ಸುಮ್ಮನಿರುತ್ತಿತ್ತು, ಆಮೇಲೆ ನಾಚಿದಂತೆ ತುದಿ ಎತ್ತುತ್ತಿತ್ತು. ಅಷ್ಟು ಹೊತ್ತಿಗೆ ನಾನು ಪಟ್ಟಿ ಬಿಟ್ಟು ಅವರ ಕಣ್ಣು ನೋಡುತ್ತಿರುತ್ತಿದ್ದೆ. ಅವರು ನಕ್ಕಾಗ ಬಲಗಣ್ಣು ಎಡಗಣ್ಣಿಗಿಂತ ಸ್ವಲ್ಪ ಮೊದಲೇ ಕಿರಿದಾಗುತ್ತದೆ.

ಉಳಿದ ಮುಖವನ್ನು ನಾನೇ ತುಂಬಿಕೊಂಡಿದ್ದೆ. ಪುಟ್ಟ ಮೊಂಡು ಮೂಗು, ದುಂಡು ಗಲ್ಲ, ತೆಳುವಾದ ಮೀಸೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಆ ಮುಖ ನನ್ನ ಜೊತೆಗಿರುತ್ತಿತ್ತು.

ನೀವು ರಾಜೀನಾಮೆ ಕೊಡುತ್ತೀರಾ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಮೊದಲು ಕಿಟಕಿ ಮುಗೀಲಿ ಮೇಡಂ."

ಆ ಉತ್ತರ ನನ್ನನ್ನು ಎರಡು ದಿನ ಕೊರೆಯಿತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರ ಮಾತಿನಂತೆ ಅದು ಕೇಳಿಸಿತ್ತು. ಆದರೂ ಅವರ ಮಾಸ್ಕ್ ಬಣ್ಣದ ಧೂಳು ಕುಡಿದು ಕಲ್ಲಾಗಿರುವುದನ್ನು ನೋಡಲಾಗಲಿಲ್ಲ. ನಮ್ಮ ಶಾಲೆಯವರೊಬ್ಬರಿಗೆ ಒಂದು ಮಾಸ್ಕ್ ಹೊಲಿದುಕೊಡು ಎಂದು ಅಪ್ಪನನ್ನು ಕೇಳಿದೆ.

"ಅಳತೆ?" ಎಂದರು ಅಪ್ಪ.

ನಾನು ಗಾಳಿಯಲ್ಲಿ ಕೈ ಹಿಡಿದು ತೋರಿಸಿದೆ. ಕಿವಿಯಿಂದ ಕಿವಿಗೆ ಇಷ್ಟು, ಮೂಗಿನಿಂದ ಗದ್ದಕ್ಕೆ ಇಷ್ಟು.

"ಮುಖ ನೋಡಿದ್ದೀಯಾ?"

"ಇಲ್ಲ."

ಅಪ್ಪ ಕನ್ನಡಕದ ಮೇಲಿನಿಂದ ನೋಡಿದರು. "ಟೇಪ್ ಹಿಡೀದೆ ಅಳತೆ ಹೇಳೋರು ಇಬ್ಬರೇ ಮಗಳೇ. ಒಬ್ಬ ದರ್ಜಿ. ಇನ್ನೊಬ್ಬರು..." ಪೆಡಲ್ ತುಳಿದರು. ಮಷೀನಿನ ಸದ್ದಿನಲ್ಲಿ ನನ್ನ ಕಿವಿ ಬಿಸಿಯಾದದ್ದು ಯಾರಿಗೂ ಕೇಳಿಸಲಿಲ್ಲ.

*

ಬೂದು ಬಣ್ಣದ ಮಾಸ್ಕನ್ನು ಅವರ ಮೇಜಿನ ಮೇಲಿಟ್ಟು ಬಂದಿದ್ದೆ. ಮಾರನೆಯ ದಿನ ಅದನ್ನು ಹಾಕಿಕೊಂಡು ಅವರು ಸ್ಟಾಫ್‌ರೂಮಿನ ಬಾಗಿಲಿಗೆ ಬಂದಾಗ ನನಗೆ ಮೊದಲು ಕಂಡದ್ದು ಮೂಗು. ಉದ್ದನೆಯ, ನಡುವೆ ಕೊಂಚ ಬಾಗಿದ, ಯಾವ ದೃಷ್ಟಿಯಿಂದಲೂ ಮೊಂಡಲ್ಲದ ಮೂಗು.

ಸುರಕ್ಷತೆಯ ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವವಳಲ್ಲ. ಎಲ್ಲರ ಎದುರೇ, ಮೂಗು ಒಳಗೆ ಹಾಕಿಕೊಳ್ಳಿ ಮೇಷ್ಟ್ರೇ ಎಂದೆ. ಅವರು ಮೇಲಕ್ಕೆಳೆದುಕೊಂಡರು. ಗದ್ದ ಹೊರಬಂತು. ಕೆಳಕ್ಕೆಳೆದರು. ಮೂಗು ಮತ್ತೆ ಹಾಜರ್.

"ಮೂಗು ಮುಚ್ಚಿದ್ರೆ ಗದ್ದ ಹೊರಗೆ, ಗದ್ದ ಮುಚ್ಚಿದ್ರೆ ಮೂಗು ಹೊರಗೆ. ಯಾವುದನ್ನ ಒಳಗಿಡ್ಲಿ, ನೀವೇ ಹೇಳಿ ಮೇಡಂ."

ಗಣಿತದ ಮೇಷ್ಟ್ರು, ಏನಂತೆ, ಏನಂತೆ ಎಂದು ಎಲ್ಲರನ್ನೂ ಕೇಳಿದರು. ನಾನು ಚಾಕ್‌ಪೀಸಿನ ಡಬ್ಬಿ ಎತ್ತಿಕೊಂಡು, ಯಾವ ಮಕ್ಕಳೂ ಇಲ್ಲದ ತರಗತಿಗೆ ಹೊರಟುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವರೂ ಬಂದರು. ಹಳೆಯ ಮಾಸ್ಕ್ ಹಾಕಿಕೊಂಡು, ಹೊಸದನ್ನು ಕೈಯಲ್ಲಿ ಹಿಡಿದು, ಬಾಗಿಲಾಚೆಯೇ ನಿಂತರು.

"ಇದನ್ನ ಯಾರ ಮುಖಕ್ಕೆ ಹೊಲಿಸಿದ್ರಿ?"

ಕಿಟಕಿಯ ಪಟ್ಟಿ ಅಲುಗುತ್ತಿತ್ತು. "ನಾನು ಅಂದ್ಕೊಂಡಿದ್ದ ಮುಖಕ್ಕೆ," ಎಂದೆ.

ಬಲಗಣ್ಣು ಮೊದಲು ಕಿರಿದಾಯಿತು. ಆಮೇಲೆ ಎಡಗಣ್ಣು. "ಚೆನ್ನಾಗಿತ್ತಾ ಅದು?"

"ಸಣ್ಣದಿತ್ತು."

ಅಂದಿನಿಂದ ಅವರು ಒಂದರ ಮೇಲೊಂದು ಎರಡು ಮಾಸ್ಕ್ ಹಾಕತೊಡಗಿದರು. ಒಳಗಿನದು ಮೂಗು, ಗದ್ದ ಎರಡನ್ನೂ ಮುಚ್ಚುವ ದೊಡ್ಡದು, ಸೋಂಕಿಗೆ. ಹೊರಗಿನದು ನಮ್ಮ ಬೂದು ಮಾಸ್ಕ್. ಇದ್ಯಾಕೆ ಎಂದು ಕೇಳಿದರೆ, ಅದು ಹಾಗೇ ಇರಲಿ ಅಂತ, ಎಂದರು. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ನಕ್ಕೆ. ಅವರು ಕಿಟಕಿಯ ಕಡೆ ತಿರುಗಿ ಉಳಿ ಒರೆಸುತ್ತಾ ನಿಂತರು. ಕಿವಿಯ ಅಂಚು ಕೆಂಪಾಗಿತ್ತು. ಮಾಸ್ಕ್ ಕಿವಿಯನ್ನು ಮುಚ್ಚುವುದಿಲ್ಲ, ಸದ್ಯ.

*

ಮೀಟಿಂಗ್ ಆಟದ ಮೈದಾನದಲ್ಲಿ. ಕುರ್ಚಿಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ದೂರ. ಅಲ್ಲಿ ಯಾರೂ ಗುಟ್ಟು ಮಾತಾಡುವಂತಿಲ್ಲ. ಮಾತಾಡಿದ್ದೆಲ್ಲ ಮೈದಾನಕ್ಕೇ ಸೇರಬೇಕು. ಮಧ್ಯದ ಮೇಜಿನ ಮೇಲೆ ಒಂದು ಖಾಲಿ ಟ್ರೇ. ಒಬ್ಬೊಬ್ಬರಾಗಿ ಹೋಗಿ ಲಕೋಟೆ ಇಟ್ಟು ಬಂದೆವು. ಹಿಂತಿರುಗಿ ಕೂತ ಮೇಲೆ ತರಗತಿಯ ಕಡೆ ನೋಡಿದೆ. ತೆರೆದ ಕಿಟಕಿಗಳಲ್ಲಿ ನಾನಂಟಿಸಿದ ಪಟ್ಟಿಗಳೆಲ್ಲ ಆಡುತ್ತಿದ್ದವು, ಯಾರನ್ನೋ ಬೀಳ್ಕೊಡುವ ಹಾಗೆ.

ಕೊನೆಗೆ ಕ್ರಾಫ್ಟ್ ಮೇಷ್ಟ್ರು ಎದ್ದರು. ಜೇಬಿನಿಂದ ಲಕೋಟೆ ತೆಗೆದು ಟ್ರೇಯಲ್ಲಿಟ್ಟರು.

ಹೆಡ್‌ಮಿಸ್ ದಿಗಿಲುಗೊಂಡರು. ಕೆಟ್ಟವರಲ್ಲ ಅವರು, ಮೇಲಿನವರಿಗೂ ನಮಗೂ ನಡುವೆ ಸಿಕ್ಕಿಕೊಂಡವರು. ಕಿಟಕಿಗಳೆಲ್ಲ ತೆರೆದವಲ್ಲ, ಇನ್ನೇನು ಎಂದು ಕೇಳಿದರು. ಕಿಟಕಿ ತೆರೆಯುವುದು ನನ್ನ ಕೈಲಾಗುವ ಕೆಲಸ, ಬೆಂಚಿಗೊಂದು ಮಗು ಕೂರಿಸುವುದು ನಿಮ್ಮ ಕೈಲಾಗುವ ಕೆಲಸ ಎಂದರು ಇವರು, ಮೆತ್ತಗೆ. ನಿಮಗೇನಪ್ಪ, ಒಂಟಿ ಕೋಣೆಯಲ್ಲಿ ಇರುವವರು, ಮನೆಯಲ್ಲಿ ಕಾಯಿಲೆಯವರಿಲ್ಲ, ಮಕ್ಕಳಿಲ್ಲ, ನೀವ್ಯಾಕೆ ಬಿಡಬೇಕು ಎಂದರು ಹೆಡ್‌ಮಿಸ್.

ಕ್ರಾಫ್ಟ್ ಮೇಷ್ಟ್ರು ಏನೋ ಹೇಳಿದರು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

"ಕೇಳಿಸ್ತಿಲ್ಲ," ಎಂದರು ಗಣಿತದ ಮೇಷ್ಟ್ರು. "ಜೋರಾಗಿ ಹೇಳಪ್ಪ."

ಅವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಮೈದಾನದ ಆ ತುದಿಗೂ ತಲುಪುವ ದನಿಯಲ್ಲಿ ಹೇಳಿದರು:

"ನನ್ನ ಮನೇಲಿ ಯಾರೂ ಇಲ್ಲ. ಆದ್ರೆ ವಿಜ್ಞಾನದ ಮೇಡಂ ಮನೇಲಿ ಅವರಪ್ಪ ಇದ್ದಾರೆ. ಅವರು ನೆಮ್ಮದಿಯಾಗಿ ಉಸಿರಾಡೋದು ನನಗೂ ಬೇಕು. ಮೇಡಂ ಇಲ್ಲದ ಸ್ಕೂಲಲ್ಲಿ ನಾನು ಯಾರಿಗೋಸ್ಕರ ಕಿಟಕಿ ತೆಗೀಲಿ?"

ಇಡೀ ಸ್ಟಾಫಿಗೆ ಒಟ್ಟಿಗೆ ಆಕಾಶದಲ್ಲಿ ಏನೋ ನೋಡುವ ಕೆಲಸ ಬಂದಿತ್ತು. ಗಣಿತದ ಮೇಷ್ಟ್ರು ಮಾತ್ರ ನೆಟ್ಟಗೆ ನನ್ನನ್ನೇ ನೋಡಿ, "ಈಗ ಕೇಳಿಸ್ತು," ಎಂದರು.

ನಾನು ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡೆ. ಅದರೊಳಗೆ ನನ್ನ ತುಟಿಗಳು ಏನು ಮಾಡುತ್ತಿದ್ದವೆಂದು ನನಗಷ್ಟೇ ಗೊತ್ತು.

*

ಹೆಡ್‌ಮಿಸ್ ಆ ಟ್ರೇಯನ್ನು ಹಾಗೆಯೇ ಮಂಡಳಿಯ ಮುಂದಿಟ್ಟರಂತೆ. ಟೀಚರುಗಳಿಲ್ಲದೆ ಗೇಟು ತೆರೆದು ಏನು ಮಾಡಲಿ ಎಂದು ಕೇಳಿದರಂತೆ. ಕಡೆಗೆ, ಮಕ್ಕಳು ಅರ್ಧರ್ಧ ಬರಲಿ, ಕಿಟಕಿ ಬಿಡಿಸಲಾಗದ ಮಹಡಿಯ ಕೋಣೆಗಳಿಗೆ ಬೀಗ ಬೀಳಲಿ, ಮನೆಯಲ್ಲಿ ಕಾಯಿಲೆಯವರಿರುವವರು ಲಸಿಕೆ ಬರುವವರೆಗೆ ಮನೆಯಿಂದ ಪಾಠ ಮಾಡಲಿ ಎಂದಾಯಿತು. ಲಕೋಟೆಗಳು ವಾಪಸ್ ಬಂದವು. ಗಣಿತದ ಮೇಷ್ಟ್ರು ಮಾತ್ರ ತಮ್ಮದನ್ನು ತೆಗೆದುಕೊಳ್ಳಲಿಲ್ಲ. ಇನ್ನು ಸಾಕು, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತೇನೆ ಎಂದು ಹೊರಟುಹೋದರು. ಅವರ ಪಿಸುಮಾತಿಲ್ಲದ ಸ್ಟಾಫ್‌ರೂಮ್ ತುಂಬ ಸಪ್ಪೆ ಎಂದು ಆಮೇಲೆ ಕೇಳಿದೆ.

ಕೇಳಿದೆ ಅಷ್ಟೇ, ಏಕೆಂದರೆ ಆಗ ನಾನು ಅಲ್ಲಿರಲಿಲ್ಲ. ಕೆಲಸ ಉಳಿಯಿತು, ಅಪ್ಪ ಉಳಿದರು, ಶಾಲೆ ದೂರವಾಯಿತು. ನನ್ನ ತರಗತಿಯ ಮೇಜಿನ ಮೇಲೆ ಒಂದು ಸ್ಕ್ರೀನ್, ಅದರಲ್ಲಿ ನಾನು. ಪಕ್ಕದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕ್ರಾಫ್ಟ್ ಮೇಷ್ಟ್ರು. ಲಸಿಕೆ ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ.

ಶಾಲೆ ತೆರೆಯುವ ಹಿಂದಿನ ಸಂಜೆ ಅಪ್ಪ ಹಟ ಹಿಡಿದರು. ನನ್ನ ಕೈಯ ಹೊಲಿಗೆ ಯಾರ ಮುಖದ ಮೇಲೂ ಹೀಗೆ ಅವಮಾನ ಪಟ್ಟಿಲ್ಲ, ಆ ಮೇಷ್ಟ್ರನ್ನು ಕರೆಸು, ಸರಿ ಅಳತೆ ಬೇಕು ಎಂದರು.

ಅವರು ಬಂದರು. ಗೇಟಿನಾಚೆ, ರಸ್ತೆಯ ಮರದ ಕೆಳಗೆ ನಿಂತರು. ನಾನು ಜಗುಲಿಯ ಮೆಟ್ಟಿಲ ಮೇಲೆ. ಅಪ್ಪ ಕಿಟಕಿಯ ಒಳಗೆ, ಕೊರಳಲ್ಲಿ ಟೇಪು. ಸಂಜೆಯ ಬೆಳಕು ಎಲೆಗಳಿಂದ ಸೋಸಿ ಅವರ ಹೆಗಲ ಮೇಲೆ ಬೀಳುತ್ತಿತ್ತು. ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸುತ್ತಿದೆ ಎಂಬುದನ್ನು ನಾನು ಮೊದಲೇ ನೋಡಿಟ್ಟುಕೊಂಡಿದ್ದೆ.

"ತೆಗೀರಿ ಮೇಷ್ಟ್ರೇ," ಎಂದರು ಅಪ್ಪ.

ಬೂದು ಮಾಸ್ಕನ್ನು ತೆಗೆದು, ಮಡಿಸಿ, ಎದೆಯ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಒಳಗಿನದು.

ಮೀಸೆಯಿರಲಿಲ್ಲ. ಗದ್ದ ಉದ್ದ. ಕೆಳತುಟಿಯ ಕೆಳಗೆ ಹಳೆಯ ಗಾಯದ ಪುಟ್ಟ ಗೆರೆ. ನಗಲೋ ಬೇಡವೋ ಎಂದು ಅಂಜುತ್ತಿದ್ದ ಬಾಯಿ, ನನ್ನನ್ನು ನೋಡಿ, ನಗುವುದೇ ಸರಿ ಎಂದು ತೀರ್ಮಾನಿಸಿತು. ಆಗ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಇಷ್ಟು ದಿನ ನಾನು ಜೊತೆಗಿಟ್ಟುಕೊಂಡು ತಿರುಗಿದ್ದ ಆ ಇನ್ನೊಂದು ಮುಖ ಒಂದು ಮಾತೂ ಹೇಳದೆ ಎದ್ದು ಹೋಯಿತು. ನಾನು ಅದನ್ನು ತಡೆಯಲಿಲ್ಲ.

"ಅಂದ್ಕೊಂಡ ಹಾಗೆ ಇಲ್ಲ, ಅಲ್ವಾ?" ಎಂದರು ಅವರು.

"ಇಲ್ಲ," ಎಂದೆ. "ಹೀಗೇ ಇರಲಿ."

ಕಿಟಕಿಯಲ್ಲಿ ಅಪ್ಪ ಕೆಮ್ಮಿದರು. ಕಾಯಿಲೆಯ ಕೆಮ್ಮಲ್ಲ ಅದು, ಆ ವ್ಯತ್ಯಾಸ ನನಗೆ ಗೊತ್ತು. "ನನ್ನ ಕಣ್ಣಿಗೆ ಅಷ್ಟು ದೂರ ಕಾಣಲ್ಲ ಮಗಳೇ," ಎಂದರು, ಮೊನ್ನೆಯಷ್ಟೇ ಇದೇ ಕಿಟಕಿಯಿಂದ ರಸ್ತೆಯಾಚೆಯ ಬೋರ್ಡು ಓದಿದವರು. "ಈ ಸಲವೂ ನೀನೇ ಅಳತೆ ಹೇಳು."

"ಇರಪ್ಪ," ಎಂದೆ. "ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು."